ಉಪ್ಪಿನ ಸೀಮೆಯಲ್ಲಿ ಹಾಲು ಉಕ್ಕಿದ್ದು

ನಾನು ಈಗ ಹೇಳುವುದರಲ್ಲಿ ಒಂದು ಮಾತು ಸುಳ್ಳಾದರೂ ನನ್ನ ಎಡಗಡೆಯ ಮೀಸೆ ಇಲ್ಲೇ, ನಿಮ್ಮ ಕಣ್ಣೆದುರೇ ಉದುರಿ ಬೀಳಲಿ. ಬಲಗಡೆಯದರ ಮೇಲೆ ಆಣೆ ಇಡುವುದಿಲ್ಲ. ಅದು ಹಿಂದೆ ಒಂದು ಸಲ ಬೇರೆ ವಿಷಯಕ್ಕೆ ಉದುರಿ ಮತ್ತೆ ಬಂದದ್ದು, ಅದರ ಮೇಲೆ ನನಗೇ ಅಷ್ಟು ನಂಬಿಕೆ ಇಲ್ಲ. ಕೂತುಕೊಳ್ಳಿ ಸ್ವಾಮಿ. ಬೆಂಚಿನ ಆ ತುದಿ ಬೇಡ, ಅದು ಆಟದೊಳಗಿನಿಂದ ಬಂದ ಬೆಂಚು, ಆ ತುದಿಗೆ ಕಾಲು ಬರೆಯಲು ಯಾರೋ ಮರೆತಿದ್ದಾರೆ. ಈ ಕಡೆ ಬನ್ನಿ.

ನಿಮ್ಮ ಸ್ಕೂಟರನ್ನು ಉಪ್ಪಿನ ಸೀಮೆಯೊಳಗೆ ಹಾಕಿಸಬೇಕು ಅಂತ ಅಷ್ಟು ದೂರದಿಂದ ನನ್ನನ್ನು ಹುಡುಕಿಕೊಂಡು ಬಂದಿದ್ದೀರಿ. ಹಾಕಿಕೊಡೋಣ. ಫೋಟೋ ನೋಡಿದೆ, ಒಳ್ಳೆಯ ಗಾಡಿ, ಹಸಿರು ಬಣ್ಣವೂ ಚೆನ್ನಾಗಿದೆ. ಆದರೆ ಹಾಕುವ ಮೊದಲು ನೀವು ಹೊನ್ನೂರಕ್ಕನ ವಿಷಯ ಕೇಳಬೇಕು. ಕೇಳಿದ ಮೇಲೂ ಹಾಕು ಅಂದರೆ ಹಾಕುತ್ತೇನೆ. ಆ ಮೂಲೆಯ ಮಷೀನು ಆನ್ ಇದೆ, ಇರಲಿ, ಅದನ್ನು ನಾವು ಆಫ್ ಮಾಡುವುದಿಲ್ಲ. ಅದರಲ್ಲಿ ಕಾಣುತ್ತಿರುವುದು ಉಪ್ಪಿನ ಸೀಮೆಯ ಛತ್ರ. ಈಗ ಅಲ್ಲಿ ಮಧ್ಯಾಹ್ನ. ಅದಕ್ಕೇ ಎಲ್ಲರೂ ತೂಕಡಿಸುತ್ತಿದ್ದಾರೆ.

ಉಪ್ಪಿನ ಸೀಮೆ ಅನ್ನುವುದು ಒಂದು ಆಟ. ಯಾರು ಮಾಡಿದರೋ, ಯಾವ ದೇಶದವರೋ, ನಮ್ಮೂರಿಗೆ ಅದು ಹಳೆಯ ಕಂಪ್ಯೂಟರುಗಳ ಹೊಟ್ಟೆಯೊಳಗೆ ಕೂತುಕೊಂಡು ಬಂತು. ಸಮುದ್ರ ಪೂರ್ತಿ ಆವಿಯಾಗಿ ಹೋದ ಮೇಲೆ ಉಳಿದ ಬಿಳಿ ನೆಲ ಅದು. ಕೋಟೆಗಳು ಉಪ್ಪಿನವು, ಅರಮನೆ ಉಪ್ಪಿನದು, ಸಿಂಹಾಸನ ಉಪ್ಪಿನದು. ಆದ್ದರಿಂದ ಅಲ್ಲಿಯ ರಾಜ ಅಳುವ ಹಾಗಿಲ್ಲ. ಮೋಡ ಬಂದರೆ ಓಡಿಸುವುದಕ್ಕೆ ರೆಕ್ಕೆಯ ಪ್ರಾಣಿಗಳನ್ನು ಸಾಕಿದ್ದಾರೆ. ನಮ್ಮೂರಲ್ಲಿ ಈ ಆಟ ಆಡದವರು ಯಾರೂ ಇಲ್ಲ. ಮದುವೆ ಮಾತುಕತೆಗೆ ಬಂದವರು ಕಾಫಿ ಲೋಟ ಕೆಳಗಿಡುವ ಮೊದಲೇ ಹುಡುಗ ಒಳಗೆ ಯಾವ ಕೋಟೆಯ ಕಡೆಯವನು ಅಂತ ವಿಚಾರಿಸುತ್ತಾರೆ.

ಬರೀ ಆಡಿಕೊಂಡಿದ್ದರೆ ತೊಂದರೆ ಇರಲಿಲ್ಲ. ಪ್ರತಿಯೊಬ್ಬರಿಗೂ ಒಂದು ಚಪಲ, ಒಳಗೆ ನಮ್ಮದೂ ಏನಾದರೂ ಇರಲಿ ಅಂತ. ಯಾರೋ ಬೇಯಿಸಿಟ್ಟ ಬೇಳೆಗೆ ನಮ್ಮ ಸಾಸಿವೆ ಸಿಡಿಸುವ ಚಪಲ. ದೊಡ್ಡ ಪಟ್ಟಣಗಳಲ್ಲಿ ಇದಕ್ಕೆ ಮಾಡಿಂಗ್ ಅನ್ನುತ್ತಾರಂತೆ. ನಮ್ಮಲ್ಲಿ ಒಗ್ಗರಣೆ ಅನ್ನುತ್ತೇವೆ. ಮಿಕ್ಸಿ ಗ್ರೈಂಡರ್ ರಿಪೇರಿ ಮಾಡಿಕೊಂಡಿದ್ದ ಬರೀ ತಿಪ್ಪೇಶಿ, ಅಂದರೆ ನಾನು, ಒಗ್ಗರಣೆ ತಿಪ್ಪೇಶಿ ಆದದ್ದು ಹಾಗೆ.

ಒಗ್ಗರಣೆ ಹಾಕುವುದು ಸುಲಭ, ಅದು ಒಳಗೆ ನಿಲ್ಲುವುದು ಕಷ್ಟ. ಆ ಸೀಮೆಗೆ ಹೊಂದದ್ದನ್ನು ಆಟ ಇಟ್ಟುಕೊಳ್ಳುವುದಿಲ್ಲ, ಬೆಳಗಾಗುವಷ್ಟರಲ್ಲಿ ಉಗುಳುತ್ತದೆ. ಬಸ್ ಸ್ಟ್ಯಾಂಡಿನ ಹಿಂದಿನ ಬಯಲಿಗೇ ಉಗುಳುತ್ತದೆ. ಅದಕ್ಕೆ ಉಗುಳು ಬಯಲು ಅಂತಲೇ ಹೆಸರು, ಬಸ್ಸಿನ ಬೋರ್ಡಿನಲ್ಲೂ ಹಾಗೇ ಬರೆದಿದ್ದಾರೆ. ಅಲ್ಲಿಗೇ ಯಾಕೆ ಅಂತ ಕೇಳಬೇಡಿ. ಮಳೆ ಮೇಲಿನಿಂದಲೇ ಯಾಕೆ ಬರುತ್ತದೆ ಅಂತ ನಾವೂ ಯಾರನ್ನೂ ಕೇಳಿಲ್ಲ. ಉಗುಳಿದ ಮೇಲೆ ಒಂದು ಪದ್ಧತಿ ಇದೆ. ಹಾಕಿಸಿದವರು ತಮ್ಮ ವಸ್ತುವನ್ನು ತಾವೇ ತಲೆಯ ಮೇಲೆ ಹೊತ್ತು ಪೇಟೆಬೀದಿಯ ನಡುವೆಯೇ ಮನೆಗೆ ಒಯ್ಯಬೇಕು. ಆಟೋಗೆ ಹಾಕುವ ಹಾಗಿಲ್ಲ. ಎದುರಿಗೆ ಸಿಕ್ಕವರು "ಹೊಂದ್ಲಿಲ್ವಾ?" ಅನ್ನಬೇಕು, ಹೊತ್ತವರು "ಹೊಂದ್ಲಿಲ್ಲ" ಅನ್ನಬೇಕು. ಅಷ್ಟೇ. ನಗುವ ಹಾಗಿಲ್ಲ, ನಗು ಬಂದರೆ ಮನೆಗೆ ಹೋಗಿ ನಗಬೇಕು.

ಮೊದಮೊದಲು ಜನ ಜಾಣತನ ಮಾಡಿದರು. ಬೇಕಂತಲೇ ಫ್ರಿಜ್ಜು ಹಾಕಿಸಿದರು, ಉಗುಳಿದರೆ ಪುಕ್ಕಟೆ ಫ್ರಿಜ್ಜು ಬಂತಲ್ಲ ಅಂತ. ಬಂತು. ಆದರೆ ನಾನು ಆಟಕ್ಕೆ ಬರೆದ ಫ್ರಿಜ್ಜಿಗೆ ಮುಂಭಾಗ ಮಾತ್ರ ಇತ್ತು. ಬಾಗಿಲು ತೆಗೆದರೆ ಎದುರುಮನೆಯ ಗೋಡೆ ಕಾಣುತ್ತಿತ್ತು, ಸ್ವಲ್ಪ ತಣ್ಣಗೆ. ಆಮೇಲೆ ಎಲ್ಲರೂ ಸರಿಹೋದರು, ವಕೀಲ ಪರಮೇಶ್ವರಪ್ಪನವರೊಬ್ಬರನ್ನು ಬಿಟ್ಟು. ಅವರಿಗೆ ಗುಲಾಬಿ ಬಣ್ಣದ ಕುದುರೆಯೇ ಆಗಬೇಕು. ಉಪ್ಪಿನ ಸೀಮೆಯಲ್ಲಿ ಕುದುರೆಗಳೆಲ್ಲ ಬೂದು ಬಣ್ಣ. ಅವರು ಪ್ರತಿ ಸಲ ಬಣ್ಣವನ್ನು ಒಂದಿಷ್ಟು ತೆಳು ಮಾಡಿಸುತ್ತಾರೆ, ಆಟ ಪ್ರತಿ ಸಲ ಉಗುಳುತ್ತದೆ. ಕುದುರೆಯನ್ನು ತಲೆಯ ಮೇಲೆ ಹೊರುವುದು ಹೇಗೆ ಅಂತೀರಾ? ಅವರು ಹೊರುತ್ತಾರೆ. ಕುದುರೆಗೂ ಅಭ್ಯಾಸವಾಗಿದೆ.

ವಕೀಲರಿಗೆ ತದ್ವಿರುದ್ಧ ನಮ್ಮ ರುದ್ರಮುನಿ ಮೇಷ್ಟ್ರು. ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿಕೊಡುತ್ತಿದ್ದರು, ನಿವೃತ್ತರಾದ ಮೇಲೆ ಉಪ್ಪಿನ ಸೀಮೆಯ ಚರಿತ್ರೆ ಹಿಡಿದುಕೊಂಡರು. ಯಾವ ಕೋಟೆಯ ಯಾವ ಮೂಲೆಯಲ್ಲಿ ಎಷ್ಟು ಬಿರುಕಿದೆ ಅಂತ ಅವರಿಗೆ ಗೊತ್ತು. ಅವರು ಹಾಕಿಸಿದ ಯಾವುದನ್ನೂ ಆಟ ಇವತ್ತಿನವರೆಗೆ ಉಗುಳಿಲ್ಲ. ಅವರು ಹಾಕಿಸಿದ್ದು ಒಂದೇ ವಸ್ತು. ಒಂದು ಕಲ್ಲು. ಛತ್ರದ ಬಾಗಿಲ ಪಕ್ಕದಲ್ಲಿ, ಬೇರೆ ಕಲ್ಲುಗಳ ಜೊತೆ. ಅದರ ಬಣ್ಣ, ಅದರ ಮೇಲಿನ ಉಪ್ಪಿನ ಪದರ, ನೆರಳು ಬೀಳುವ ದಿಕ್ಕು, ಎಲ್ಲ ಸರಿಯಾಗಿತ್ತು. ಎಷ್ಟು ಸರಿಯಾಗಿತ್ತು ಅಂದರೆ ಆ ಕಲ್ಲನ್ನು ಅದುವರೆಗೂ ಯಾರೂ ಗಮನಿಸಿರಲಿಲ್ಲ. ಮೇಷ್ಟ್ರು ಮಾತ್ರ ದಿನಾ ಬಂದು, ಆಟದೊಳಗೆ ಅಲ್ಲಿಯವರೆಗೂ ನಡೆದುಕೊಂಡು ಹೋಗಿ, ಕಲ್ಲನ್ನು ನೋಡಿ ವಾಪಸ್ ಬರುತ್ತಿದ್ದರು.

ಈಗ ಹೊನ್ನೂರಕ್ಕ. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಅವಳದು. ಅವಳು ಹಾಡಿಕೊಂಡು ಸೊಪ್ಪು ಸೋಸುತ್ತಿದ್ದರೆ ಬಸ್ ಸ್ಟ್ಯಾಂಡಿನಲ್ಲಿ ಡ್ರೈವರು ಇಂಜಿನ್ ಆಫ್ ಮಾಡಿ ಕೂರುತ್ತಿದ್ದ. ಅವಳು ಬೈಯಲು ಶುರು ಮಾಡಿದರೆ ಅದೇ ಡ್ರೈವರು ಟೈಮಾಗುವ ಮುಂಚೆಯೇ ಬಸ್ಸು ಬಿಡುತ್ತಿದ್ದ. ಅಂಥ ಧ್ವನಿ. ಆಮೇಲೆ ಗಂಟಲಲ್ಲಿ ಗಡ್ಡೆಯಾಗಿ ಆಪರೇಷನ್ ಮಾಡಿದರು. ಗಡ್ಡೆ ಹೋಯಿತು, ಜೊತೆಗೆ ಧ್ವನಿಯೂ ಹೋಯಿತು. ಉಳಿದದ್ದು ಗಾಳಿಯ ಮಾತು. ಬಾಯಿಯ ಹತ್ತಿರ ಕಿವಿ ಇಟ್ಟರೆ ಕೇಳುತ್ತದೆ, ಇಲ್ಲದಿದ್ದರೆ ಇಲ್ಲ.

ಒಂದು ದಿನ ಬಂದು ನೀವು ಈಗ ಕೂತಿರುವ ಜಾಗದಲ್ಲೇ ಕೂತು ಮೊಬೈಲು ಮುಂದಿಟ್ಟಳು. ಧ್ವನಿ ಇದ್ದಾಗ ಹಾಸ್ಟೆಲಿನ ಯಾವಳೋ ಹುಡುಗಿ ಅಡುಗೆಮನೆಯಲ್ಲಿ ರೆಕಾರ್ಡ್ ಮಾಡಿದ್ದ ಹಾಡು ಅದರಲ್ಲಿತ್ತು. ನಾನು ಬಗ್ಗಿದೆ. "ಇದನ್ನ ಒಳಕ್ಕೆ ಹಾಕ್ಕೊಡು" ಅಂದಳು.

"ಒಳಗ್ಯಾಕೆ ಅಕ್ಕ? ಮೊಬೈಲ್‌ನಾಗೆ ಐತಲ್ಲ. ಯಾವಾಗ ಬೇಕಾದ್ರೂ ಕೇಳ್ಬೋದು."

"ಯಾರು ಕೇಳೋದು? ಈ ಊರೋರಾ? ಇವ್ರು ಹಾಡು ಕೇಳೋಕೆ ಕೂತ್ರೆ ಮೊದ್ಲು ನನ್ ಗಂಟ್ಲು ನೋಡ್ತಾರೆ. ಆಮೇಲೆ ಪಾಪ ಅಂತಾರೆ. ಮುಂಚೆ ಹಾಸ್ಟೆಲ್ ಹುಡ್ಗೀರು ನನ್ಗೆ ಹೆದರ್ತಿದ್ವು ಕಣೋ. ಈಗ ಅವೂ ಪಾಪ ಅಂತವೆ. ನನ್ ಧ್ವನಿ ಹೋಗೈತೆ ಅಂತ ಗೊತ್ತಿಲ್ದೋರು ನಾಕು ಜನ ಕೇಳ್ಬೇಕು. ಅಷ್ಟೇ ನನ್ ಆಸೆ."

ಅಂಥವರು ನಮ್ಮೂರಲ್ಲಿ ಒಬ್ಬರೂ ಇರಲಿಲ್ಲ. ಉಪ್ಪಿನ ಸೀಮೆಯಲ್ಲಿದ್ದರು.

ಹಾಡು ನಮ್ಮ ಕಡೆ ಎಲ್ಲ ಹೆಂಗಸರೂ ಹಾಡುವಂಥದ್ದೇ. "ಮಲ್ಲಿಗೆ ಮಾರೋಳೆ, ನಿನ್ ಮೊಳ ಗಿಡ್ಡ ಕಣೆ, ನಮ್ ಸೊಸೆಯ ತುರುಬು ದೊಡ್ಡದು ಕಣೆ" ಅಂತ ಶುರುವಾಗುತ್ತದೆ. ಆ ರೆಕಾರ್ಡಿನಲ್ಲಿ ಅವಳು ಎರಡನೇ ಸೊಲ್ಲು ಎತ್ತಿ ಮೇಲಕ್ಕೆ ಹೋಗಿದ್ದಾಳೆ, ಅಲ್ಲಿಯೇ ನಿಲ್ಲಿಸಿ, "ಏಯ್, ಹಾಲು ಉಕ್ತಾ ಐತೆ, ಯಾರಾದ್ರೂ ನೋಡ್ರೇ!" ಅಂತ ಸೂರು ಹಾರುವ ಹಾಗೆ ಕೂಗಿದ್ದಾಳೆ. ಕೂಗಿ, ಬಿಟ್ಟ ಜಾಗದಿಂದಲೇ ಹಾಡನ್ನು ಎತ್ತಿಕೊಂಡಿದ್ದಾಳೆ. ಕೊನೆಯಲ್ಲಿ ಯಾರನ್ನೋ "ಉಪ್ಪು ಹಾಕಿದ್ಯೇನೇ?" ಅಂತ ಗದರಿಸುವುದೂ ಇದೆ. ನಾನು ಕಸುಬುದಾರ. ಮೊದಲ ಕೆಲಸವಾಗಿ ಆ ಕೂಗು, ಆ ಗದರಿಕೆ, ಪಾತ್ರೆಗಳ ಸದ್ದು, ಎಲ್ಲವನ್ನೂ ಕತ್ತರಿಸಿ ಹಾಡನ್ನು ಚೊಕ್ಕ ಮಾಡಿದೆ.

ಆಮೇಲೆ ನನ್ನ ರುಚಿಗೆ ತಕ್ಕ ಹಾಗೆ ಒಗ್ಗರಣೆ ಹಾಕಿದೆ. ಛತ್ರದ ಪಡಸಾಲೆಯಲ್ಲಿ ಒಂದು ಜಗಲಿ ಕಟ್ಟಿಸಿದೆ. ಜಗಲಿಯ ಮೇಲೆ ಒಬ್ಬ ಹೆಂಗಸು. ಹೊನ್ನೂರಕ್ಕನದೇ ಮುಖ, ವಯಸ್ಸು ಮಾತ್ರ ಅರ್ಧ. ನವಿಲು ಬಣ್ಣದ ಸೀರೆ, ಜರಿ ಅಂಚು, ಮೇಲಿಂದ ಬೆಳಕು. ಕರೆದು ತೋರಿಸಿದೆ.

"ಯಾರ್ಲಾ ಇವ್ಳು?" ಅಂದಳು.

"ನೀನೇ ಅಕ್ಕ."

"ಈ ಸೀರೆ ಉಟ್ಕಂಡು ನಾನು ಒಲೆ ಮುಂದೆ ಕೂತಿದ್ರೆ ಹಾಡು ಬರ್ತಿರ್ಲಿಲ್ಲ ಕಣೋ. ಬೆಂಕಿ ಹತ್ಕಂತಿತ್ತು."

ಆಟಕ್ಕೂ ಹಾಗೇ ಅನ್ನಿಸಿರಬೇಕು. ಬೆಳಿಗ್ಗೆ ಹೋದರೆ ಸೀರೆ ಬಯಲಿನ ಜಾಲಿಗಿಡದ ಮೇಲೆ ಬಿದ್ದಿತ್ತು. ಧ್ವನಿ ಬಯಲಿನ ನಡುವೆ, ನೆಲದಿಂದ ಸೊಂಟದೆತ್ತರದಲ್ಲಿ, ಒಂದೇ ಕಡೆ ನಿಂತು ಹಾಡುತ್ತಿತ್ತು. ಹೊನ್ನೂರಕ್ಕ ತಾಮ್ರದ ಕೊಡ ತಂದಿದ್ದಳು. ಕೋಳಿ ಹಿಡಿಯುವವರ ಹಾಗೆ ಮೆಲ್ಲಗೆ ಹತ್ತಿರ ಹೋಗಿ, ಕೊಡವನ್ನು ಮೇಲಿಂದ ಕವುಚಿ, ತಟ್ಟೆ ಮುಚ್ಚಿ, ಎತ್ತಿ ತಲೆಯ ಮೇಲೆ ಇಟ್ಟುಕೊಂಡಳು. "ಸೀರೆ ನೀನೇ ಇಟ್ಕೋ" ಅಂದಳು. ನಿಮ್ಮ ಬೆನ್ನ ಹಿಂದೆ ಪರದೆ ಕಟ್ಟಿದ್ದೇನಲ್ಲ, ಅದೇ ಆ ಸೀರೆ. ಮುಟ್ಟಿ ನೋಡಿ.

ಪೇಟೆಬೀದಿಯಲ್ಲಿ ವಕೀಲರು ಎದುರಾದರು. "ಹೊಂದ್ಲಿಲ್ವಾ?" ಅಂದರು. ಅವಳು ಹೊಂದಲಿಲ್ಲ ಅನ್ನಬೇಕಲ್ಲ, ಅಂದಳು, ಯಾರಿಗೂ ಕೇಳಿಸಲಿಲ್ಲ. ತಲೆಯ ಮೇಲಿನ ಕೊಡ ಮಾತ್ರ ಹಾಡುತ್ತಾ ಹೋಯಿತು. ಅಂಗಡಿಗಳವರೆಲ್ಲ ಹೊರಗೆ ಬಂದು ನಿಂತರು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಒಬ್ಬೊಬ್ಬರೇ "ಪಾಪ" ಅಂದರು. ಅವಳು ಕೊಡವನ್ನು ಇನ್ನೊಂದಿಷ್ಟು ಬಿಗಿಯಾಗಿ ಹಿಡಿದುಕೊಂಡು ಬೇಗ ಬೇಗ ನಡೆದಳು.

ನನ್ನ ರುಚಿ ನಡೆಯಲಿಲ್ಲ ಅಂತ ರುದ್ರಮುನಿ ಮೇಷ್ಟ್ರನ್ನು ಕರೆಸಿದೆ. ಅವರು ಕಣ್ಣು ಮುಚ್ಚಿ ಹಾಡು ಕೇಳಿ, "ಇಲ್ಲೇ ತಪ್ಪಿರೋದು" ಅಂದರು. "ಉಪ್ಪಿನ ಸೀಮೆಯಲ್ಲಿ ಮಲ್ಲಿಗೆ ಎಲ್ಲಿದೆ? ಹೂವೇ ಇಲ್ಲ. ಮೊಳ ಅನ್ನೋ ಅಳತೆ ಇಲ್ಲ. ಇಲ್ಲದ್ದನ್ನ ಹಾಡಿದ್ರೆ ಉಗುಳದೆ ಇನ್ನೇನು ಮಾಡುತ್ತೆ ಅದು? ಮಲ್ಲಿಗೆ ತೆಗೆದು ಉಪ್ಪು ಹಾಕು."

ಉಪ್ಪು ಅನ್ನುವ ಮಾತು ಅವಳದೇ ಧ್ವನಿಯಲ್ಲಿ ನನ್ನ ಹತ್ತಿರ ಇತ್ತಲ್ಲ, ಗದರಿಸಿದ್ದು. ಅದನ್ನೇ ಕತ್ತರಿಸಿ ತಂದು ಹಾಡಿಗೆ ಹೊಲಿದೆ. "ಉಪ್ಪು ಮಾರೋಳೆ" ಅಂತಾಯಿತು. ಉಪ್ಪು ಅನ್ನುವಾಗ ಮಾತ್ರ ಹಾಡುವವಳು ಯಾರ ಮೇಲೋ ಎಗರಿದ ಹಾಗೆ ಕೇಳುತ್ತಿತ್ತು. ಹೊನ್ನೂರಕ್ಕ ಪೂರ್ತಿ ಕೇಳಿ ಮೇಷ್ಟ್ರ ಕಿವಿಯ ಹತ್ತಿರ ಬಗ್ಗಿದಳು.

"ಮೇಷ್ಟ್ರೇ, ಕಾಲಿಟ್ಟಲ್ಲೆಲ್ಲಾ ಉಪ್ಪಿರೋ ಸೀಮೆನಾಗೆ ಉಪ್ಪು ಯಾವಳು ಮಾರ್ತಾಳೆ? ಯಾವಳು ಕೊಳ್ತಾಳೆ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ತರಗತಿಯಲ್ಲಿ ಹುಡುಗರು ಪ್ರಶ್ನೆ ಕೇಳಿದಾಗಲೂ ಅವರು ಹಾಗೇ ಮಾಡುತ್ತಿದ್ದರು. ಹಾಕಿದ್ದಾಗಿತ್ತು, ಬೆಳಿಗ್ಗೆ ಬಯಲಿಗೆ ಬಿತ್ತು, ಇನ್ನೊಂದು ಕೊಡ ತುಂಬಿತು. ಆಮೇಲೆ ನಾವಿಬ್ಬರೂ ಸೇರಿ ಅವಳ ಉಸಿರಿನ ಸದ್ದು ತೆಗೆದೆವು, ಕೊರಳಿನ ಒಂದು ಒಡಕು ಇತ್ತು ಅದನ್ನು ತಿದ್ದಿದೆವು, ಛತ್ರದ ಮಂದಿಯ ದನಿಯ ಹಾಗೆ ಮೂಗಿನಿಂದ ಬರುವ ಹಾಗೆ ಮಾಡಿದೆವು. ತಿದ್ದಿದಷ್ಟೂ ಆಟ ಬೇಗ ಉಗುಳಿತು. ಒಂದು ಸಲವಂತೂ ನಾವು ಚಹಾ ಕುಡಿದು ಮುಗಿಸುವ ಮೊದಲೇ ಬಯಲಿನಿಂದ ಹಾಡು ಕೇಳಿಬಂತು.

ಅಷ್ಟರಲ್ಲಿ ಹೊನ್ನೂರಕ್ಕನ ಮನೆಯ ಗೋಡೆ ಉದ್ದಕ್ಕೂ ಕೊಡಗಳ ಸಾಲಾಗಿತ್ತು. ತಾಮ್ರದ್ದು ಮುಗಿದು ಪ್ಲಾಸ್ಟಿಕ್ ಕೊಡಕ್ಕೆ ಬಂದಿತ್ತು. ಯಾವ ತಟ್ಟೆ ಸರಿಸಿದರೂ ಅವಳ ಧ್ವನಿ ಎದ್ದು ಬರುತ್ತಿತ್ತು. ಒಂದರಲ್ಲಿ ಮಲ್ಲಿಗೆ, ಒಂದರಲ್ಲಿ ಉಪ್ಪು, ಒಂದರಲ್ಲಿ ಮೂಗು. ನನಗೆ ಒಂದು ಯೋಚನೆ ಬಂತು. ಅವಳ ಮನೆಗೇ ಹೋಗಿ ಹೇಳಿದೆ.

"ಅಕ್ಕ, ಇಲ್ಲಿಗೆ ಸಾಕು ಮಾಡೋಣ. ಹೋದ ಧ್ವನಿ ಮನೆಗೆ ಬಂದೈತೆ. ಇನ್ನೊಂದ್ಸಲ ಹಾಕಿ, ಅದೇ ಹೊಂದಿಬಿಟ್ರೆ ಏನಾಗತ್ತೆ ಗೊತ್ತಲ್ಲ? ಮೌಲಾಸಾಬ್ರ ಮೇಕೆ ನೆನಪು ಮಾಡ್ಕೋ."

ದರ್ಜಿ ಮೌಲಾಸಾಬರ ಮೇಕೆಯನ್ನು ಆಟ ಬಹಳ ಸಲ ಉಗುಳಿತ್ತು. ಉಗುಳಿದ ಮೇಕೆಗಳೆಲ್ಲ ಅವರ ಹಿತ್ತಲಲ್ಲಿ ಮೇಯ್ದುಕೊಂಡಿದ್ದವು. ಕೊನೆಗೆ ಗಡ್ಡದ ಅಳತೆ ಸರಿಹೋಗಿ ಒಂದು ಮೇಕೆ ಒಳಗೆ ನಿಂತಿತು ನೋಡಿ, ಅವತ್ತು ಬೆಳಿಗ್ಗೆ ಹಿತ್ತಲಲ್ಲಿದ್ದವೆಲ್ಲ ಖಾಲಿ ಗೋಣಿಚೀಲ ಆಗಿದ್ದವು. ಒಳಗೆ ಹೊಂದಿದ ವಸ್ತು ಹೊರಗೆ ಉಳಿಯುವುದಿಲ್ಲ. ಹೊನ್ನೂರಕ್ಕನ ಹಾಡು ಒಳಗೆ ನಿಂತರೆ ಇಷ್ಟೂ ಕೊಡಗಳು ಬರೀ ಕೊಡಗಳಾಗುತ್ತವೆ, ಮೊಬೈಲಿನಲ್ಲಿರುವುದೂ ಅಳಿಸಿಹೋಗುತ್ತದೆ. ಮನೆಯಲ್ಲಿ ಅವಳಿಗೆ ಅವಳ ಧ್ವನಿ ಅಂತ ಉಳಿಯುವುದು ಏನೂ ಇಲ್ಲ.

ಅವಳು ಕೊಡಗಳ ತಟ್ಟೆಗಳನ್ನು ಒಂದೊಂದಾಗಿ ತೆಗೆದು ಕೇಳಿ ಮುಚ್ಚುತ್ತಾ ಬಂದಳು. ಕೊನೆಯದನ್ನು ಮುಚ್ಚಿದ ಮೇಲೆ ನನ್ನನ್ನು ಹತ್ತಿರ ಕರೆದಳು.

"ಕೊಡದಾಗೆ ಇರೋದನ್ನ ಯಾರು ಕೇಳ್ತಾರೆ? ನಾನು. ನಾನ್ ಹಾಡಿದ್ದನ್ನ ನಾನೇ ಕೇಳ್ಕಂಡು ಕೂತ್ರೆ ಅದು ಹಾಡಲ್ಲಪ್ಪ, ಬಿಕ್ಕಳಿಕೆ. ಅದಿರ್ಲಿ. ಇಷ್ಟು ಕೊಡದಾಗೂ ನನ್ ಬೈಗುಳ ಇಲ್ವಲ್ಲ, ಎಲ್ಲಿ ಹೋಯ್ತು?"

"ಯಾವ ಬೈಗುಳ?"

"ಹಾಲು ಉಕ್ಕಿದ್ದು."

"ಅದನ್ನ ಕತ್ತರಿಸಿದೀನಿ. ಹಾಡಿನ ಮಧ್ಯೆ ಹಾಳು ಕೂಗು ಯಾಕೆ ಅಂತ."

"ಯಾರನ್ನ ಕೇಳಿ ಕತ್ತರಿಸ್ದೆ?" ಅಂದಳು. ಆ ಗಾಳಿಯ ಮಾತಿಗೇ ನಾನು ಒಂದು ಹೆಜ್ಜೆ ಹಿಂದೆ ಸರಿದೆ. "ಹಾಡು ನಂದಲ್ಲ ಕಣೋ, ಊರೋರದ್ದು. ಯಾರ್ ಬೇಕಾದ್ರೂ ಹಾಡ್ತಾರೆ. ಬೈದಿದ್ದು ನಂದು. ಪೂರ್ತಿ ಹಾಕು. ಮಲ್ಲಿಗೆನೂ ಇರ್ಲಿ, ಮೊಳನೂ ಇರ್ಲಿ. ಆ ಜಗಲಿ ಕಿತ್ತಾಕು. ಅಡುಗೆಮನೆನಾಗೆ ನಿಲ್ಸು ನನ್ನ. ಮುಖ ಬ್ಯಾಡ, ಬೆನ್ನು ಸಾಕು. ಅಲ್ಲಿ ಹೆಂಗಸ್ರು ಏನ್ ಹೊದ್ಕಂತಾರೆ?"

"ಕಂಬಳಿ."

"ಕಂಬಳಿನೇ ಹೊದ್ಸು. ಅಂಚು ಮಾತ್ರ ಸೊಂಟಕ್ಕೆ ಸಿಗ್ಸು. ಕೆಲ್ಸ ಮಾಡೋಳು ಅಂತ ಗೊತ್ತಾಗ್ಲಿ."

ಮೇಷ್ಟ್ರಿಗೆ ಹೇಳಿದಾಗ ಅವರು ತಲೆ ಮೇಲೆ ಕೈ ಇಟ್ಟುಕೊಂಡರು. "ಅಲ್ಲಿ ಹಾಲು ಉಕ್ಕಲ್ಲ ಕಣಮ್ಮ! ಆ ಛತ್ರದ ಒಲೆ ಮೇಲೊಂದು ಪಾತ್ರೆ ಇದೆ, ಅದು ಯಾವಾಗಲೂ ಕುದೀತಾ ಇರುತ್ತೆ, ಉಕ್ಕಲ್ಲ. ಮಾಡಿದೋರು ಹಾಗೆ ಮಾಡಿದ್ದಾರೆ."

"ಉಕ್ಕದೆ ಇರೋದು ಹಾಲಾ ಮೇಷ್ಟ್ರೇ? ಸುಣ್ಣದ ನೀರು" ಅಂದಳು ಹೊನ್ನೂರಕ್ಕ.

ಮೇಷ್ಟ್ರು ಮತ್ತೆ ಕನ್ನಡಕ ಒರೆಸಿದರು. ಒರೆಸಿ ಹಾಕಿಕೊಂಡು ನನ್ನ ಕಡೆ ತಿರುಗಿ, "ಹಾಗಾದ್ರೆ ನಿಜವಾಗ್ಲೂ ಉಕ್ಕಬೇಕು ತಿಪ್ಪೇಶಿ. ಬರೀ ಕೂಗಿದ್ರೆ ಸುಳ್ಳಾಗುತ್ತೆ. ಮೇಕೆ ಹಾಲು, ನೊರೆ ಸ್ವಲ್ಪ ತೆಳುವಾಗಿರಲಿ. ಅಲ್ಲಿ ಮರ ಇಲ್ಲ, ಸೌದೆ ಹಾಕಬೇಡ. ಒಣಗಿದ ಹಿಕ್ಕೆಯ ಉರಿ. ಆ ಉರಿ ಒಮ್ಮೆಗೇ ಏಳುತ್ತೆ, ಅದಕ್ಕೇ ಉಕ್ಕೋದು" ಅಂದರು. ಆ ಮನುಷ್ಯ ಒಲ್ಲೆ ಅನ್ನುತ್ತಲೇ ಒಲೆಯ ಪಕ್ಕದ ಬೂದಿಯವರೆಗೂ ಹೇಳಿಕೊಟ್ಟರು. ನಾನು ಬರೆದೆ. ಅದಕ್ಕೆ ಮುಂಚೆ ನನ್ನ ಜೀವನದಲ್ಲಿ ನಾನು ಹಾಲು ಉಕ್ಕುವುದನ್ನು ಅಷ್ಟು ಗಮನವಿಟ್ಟು ನೋಡಿರಲಿಲ್ಲ. ನನ್ನ ಹೆಂಡತಿ ಬೇಕಾದಷ್ಟು ಸಲ ನೋಡು ಅಂದಿದ್ದರೂ.

ಮಾರನೆಯ ಬೆಳಿಗ್ಗೆ ಉಗುಳು ಬಯಲಿನಲ್ಲಿ ಅರ್ಧ ಊರು ಸೇರಿತ್ತು. ಹೊನ್ನೂರಕ್ಕ ಹೊಸ ಕೊಡ ಹಿಡಿದುಕೊಂಡು ಎಲ್ಲರಿಗಿಂತ ಮುಂದೆ ನಿಂತಿದ್ದಳು. ಮೊದಲು ಕುದುರೆ ಬಂತು. ವಕೀಲರು "ಈ ಸಲ ಬರೀ ಕಿವಿ ಮಾತ್ರ ಗುಲಾಬಿ ಇತ್ತು" ಅಂತ ತಮ್ಮಷ್ಟಕ್ಕೆ ತಾವೇ ಹೇಳಿಕೊಂಡು ಅದನ್ನು ಹೊತ್ತುಕೊಂಡು ಹೋದರು. ಆಮೇಲೆ ಯಾರದೋ ಗೋಡೆ ಗಡಿಯಾರ ಬಿತ್ತು. ಆಮೇಲೆ ಏನೂ ಇಲ್ಲ. ಬಿಸಿಲು ಏರಿತು. ಮೇಷ್ಟ್ರು ಜಾಲಿಗಿಡಗಳ ಸಂದಿಯಲ್ಲೆಲ್ಲ ಕಿವಿ ಇಟ್ಟು ಬಂದರು. ಜನ ಒಬ್ಬೊಬ್ಬರಾಗಿ ಕೆಲಸಕ್ಕೆ ಹೋದರು. ಅವಳು ಖಾಲಿ ಕೊಡ ಹಿಡಿದುಕೊಂಡು ನಿಂತೇ ಇದ್ದಳು. ಹೊಂದಿತು ಅಂತ ಹೇಳಲು ನಮ್ಮಲ್ಲಿ ಪದ್ಧತಿಯೇ ಇಲ್ಲ ನೋಡಿ. ಹೊಂದದ್ದಕ್ಕೆ ಮಾತ್ರ ಇರುವುದು.

ಮನೆಗೆ ಹೋಗಿ ತಟ್ಟೆ ತೆಗೆದಳು. ಮೊದಲನೆಯದು, ಎರಡನೆಯದು, ಎಲ್ಲವನ್ನೂ. ಒಂದೂ ಉಸಿರೆತ್ತಲಿಲ್ಲ. ಕೊನೆಯ ಕೊಡಕ್ಕೆ ಕಿವಿಗೊಟ್ಟು ಬಹಳ ಹೊತ್ತು ಕೂತಳು. ಅವಳ ಮುಖ ನೋಡಲು ನನಗೆ ಧೈರ್ಯ ಸಾಲದೆ ಗೋಡೆಯ ಮೇಲಿನ ಹಲ್ಲಿಯನ್ನು ನೋಡುತ್ತಾ ನಿಂತೆ. ಆಮೇಲೆ ಅವಳು ಎದ್ದು, ಅದೇ ಕೊಡವನ್ನು ತೊಳೆದು, ನಲ್ಲಿಗೆ ಹಿಡಿದು ನೀರು ತುಂಬಿದಳು. "ನಡಿ, ನೋಡಾನ" ಅಂದಳು.

ಆ ಮೂಲೆಯ ಮಷೀನಿನ ಮುಂದೆಯೇ ಕೂತೆವು, ಅವಳು ನಡುವೆ, ನಾನೂ ಮೇಷ್ಟ್ರೂ ಎರಡು ಪಕ್ಕ. ಉಪ್ಪಿನ ಬಯಲೆಲ್ಲ ದಾಟಿ ಛತ್ರಕ್ಕೆ ಹೋಗುವಷ್ಟರಲ್ಲಿ ಅಲ್ಲಿ ಸಂಜೆಯಾಗಿತ್ತು. ಉಪ್ಪು ಹೊರುವವರು, ಕಾವಲಿನವರು, ತಲೆ ಸೂರಿಗೆ ತಾಗುವಂಥ ಇಬ್ಬರು ದೈತ್ಯರು ಕೂತಿದ್ದರು. ಆಟ ಶುರುವಾದಾಗಿನಿಂದ ಅವರಿಗೆ ಒಂದೇ ಕೆಲಸ, ಬಟ್ಟಲು ಎತ್ತುವುದು, ಇಳಿಸುವುದು, ಮತ್ತೆ ಎತ್ತುವುದು. ಅಡುಗೆಮನೆಯ ಕಡೆಯಿಂದ ಹಾಡು ಶುರುವಾಯಿತು. ಮಲ್ಲಿಗೆ ಮಾರೋಳೆ. ಯಾರೂ ತಿರುಗಿ ನೋಡಲಿಲ್ಲ. ಬಟ್ಟಲು ಎತ್ತಿದರು, ಇಳಿಸಿದರು. ಹೊನ್ನೂರಕ್ಕನ ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತ್ತು. ಎರಡನೇ ಸೊಲ್ಲು ಮೇಲಕ್ಕೆ ಹೋಯಿತು, ನಿಂತಿತು, ಕೂಗು ಬಂತು.

ಬಟ್ಟಲು ಎತ್ತಿದ್ದವರು ಇಳಿಸಲಿಲ್ಲ. ಸ್ವಾಮಿ, ಇಡೀ ಛತ್ರ ಎದ್ದು ನಿಂತಿತು. ಮಣೆಗಳು ಉರುಳಿದವು. ಕಾವಲಿನವರು ಈಟಿ ಬಿಸಾಕಿ ಓಡಿದರು, ಉಪ್ಪು ಹೊರುವ ಹೆಂಗಸರು ಅವರನ್ನು ತಳ್ಳಿಕೊಂಡು ಓಡಿದರು. ದೈತ್ಯರಲ್ಲಿ ಒಬ್ಬ ಬರಿಗೈಯಲ್ಲಿ ಪಾತ್ರೆ ಎತ್ತಿ, "ಹಾ, ಹಾ" ಅನ್ನುತ್ತಾ, ಎಲ್ಲಿ ಇಡಬೇಕು ಅಂತ ತಿಳಿಯದೆ ಬಾಗಿಲ ಹೊರಗೆ ಬಂದು ಒಂದು ಕಲ್ಲಿನ ಮೇಲೆ ಇಟ್ಟ. ಮೇಷ್ಟ್ರು ಕುರ್ಚಿ ಬಿಟ್ಟು ಎದ್ದರು. ಅವರ ಕಲ್ಲು. ಅಷ್ಟು ವರ್ಷದಲ್ಲಿ ಮೊದಲ ಸಲ ಅದು ಒಂದು ಕೆಲಸಕ್ಕೆ ಬಂದಿತ್ತು.

ಅಡುಗೆಮನೆಯಲ್ಲಿ ಕಂಬಳಿ ಸಿಗಿಸಿಕೊಂಡ ಬೆನ್ನು ತಿರುಗಲೂ ಇಲ್ಲ. ಬಿಟ್ಟ ಜಾಗದಿಂದ ಹಾಡನ್ನು ಎತ್ತಿಕೊಂಡಿತು. ಓಡಿಬಂದವರು ವಾಪಸ್ ಹೋಗಲಿಲ್ಲ. ಬಾಗಿಲಲ್ಲೇ ನಿಂತರು, ಬೈಸಿಕೊಂಡ ಮಕ್ಕಳ ಹಾಗೆ, ಹಾಡು ಮುಗಿಯುವವರೆಗೂ. ಯಾರೂ ಅವಳ ಗಂಟಲು ನೋಡಲಿಲ್ಲ. ಯಾರೂ ಪಾಪ ಅನ್ನಲಿಲ್ಲ.

ಹೊನ್ನೂರಕ್ಕ ನಗುತ್ತಿದ್ದಳು. ಸದ್ದಿಲ್ಲ, ಭುಜ ಮಾತ್ರ ಕುಲುಕುತ್ತಿತ್ತು. ನನ್ನ ಕಿವಿ ಹಿಡಿದು ಹತ್ತಿರ ಎಳೆದುಕೊಂಡಳು. "ನೋಡ್ದಾ? ಎದ್ರು."

ಆಮೇಲಿನದು ಇಷ್ಟೇ. ಸ್ವಲ್ಪ ದಿನಕ್ಕೆ ಉಪ್ಪು ಹೊರುವ ಹೆಂಗಸರ ತುರುಬಿನಲ್ಲಿ ಬಿಳಿಯದೇನೋ ಕಾಣಿಸಿತು. ಹತ್ತಿರ ಹೋಗಿ ನೋಡಿದರೆ ಉಪ್ಪಿನ ಹರಳು ಪೋಣಿಸಿ ಮುಡಿದುಕೊಂಡಿದ್ದಾರೆ, ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆದು. ಅದು ನಾನು ಬರೆದದ್ದಲ್ಲ. "ಮಲ್ಲಿಗೆ ಇಲ್ಲ ಅಂದಿದ್ರಲ್ಲ ಮೇಷ್ಟ್ರೇ" ಅಂದೆ. "ಇರಲಿಲ್ಲ, ಈಗ ಇದೆ" ಅಂದರು, ಸೂರ್ಯ ಮೂಡಿದೆ ಅನ್ನುವವರ ಹಾಗೆ. ಹಾಸ್ಟೆಲಿನ ಹುಡುಗಿಯರೂ ಸಂಜೆ ಆಟಕ್ಕೆ ಕೂರುತ್ತವಲ್ಲ, ಅಲ್ಲಿ ಕೂಗು ಬಂದರೆ ಇಲ್ಲಿ ಕುರ್ಚಿಯಿಂದ ಏಳುತ್ತವೆ. ಅಭ್ಯಾಸ ಹಾಗೇ ಉಳಿದು, ಬೆಳಿಗ್ಗೆ ಅಡುಗೆಮನೆಯಲ್ಲಿ ಹೊನ್ನೂರಕ್ಕ ಸುಮ್ಮನೆ ಸೌಟು ಎತ್ತಿದರೂ ಓಡಿಬರುತ್ತವೆ. ಮತ್ತೆ ಹೆದರುತ್ತವೆ ಅಂತ ಅವಳೇ ಬಂದು ಹೇಳಿ ಹೋದಳು.

ನಗುತ್ತಿದ್ದೀರಿ. ಬುರುಡೆ ಅಂತ ತಾನೇ? ಮೀಸೆ ನೋಡಿ, ಎಡಗಡೆಯದು. ಇದೆಯಲ್ಲ.

ಈಗ ನಿಮ್ಮ ಸ್ಕೂಟರಿಗೆ ಬರೋಣ. ಉಪ್ಪಿನ ಸೀಮೆಯಲ್ಲಿ ಪೆಟ್ರೋಲು ಎಲ್ಲಿಂದ ಬರಬೇಕು ಅಂತ ನಾನು ಕೇಳುವುದಿಲ್ಲ, ಅದನ್ನು ಮೇಷ್ಟ್ರು ಕೇಳುತ್ತಾರೆ. ಹಸಿರು ಬಣ್ಣ ನಿಮಗೆ ಇಷ್ಟ, ಇರಲಿ, ರುಚಿ ಬಿಟ್ಟು ಒಗ್ಗರಣೆ ಹಾಕಿದರೆ ಮೇಷ್ಟ್ರ ಕಲ್ಲಾಗುತ್ತದೆ. ರುಚಿಯೇ ಹೆಚ್ಚಾದರೆ ವಕೀಲರ ಕುದುರೆ. ನಾನು ಕೇಳುವುದು ಒಂದೇ. ಆ ಗಾಡಿಯಲ್ಲಿ ನಿಮ್ಮದೇ ಅಂತ ಏನಿದೆ? ಬೆಳಿಗ್ಗೆ ಒದ್ದರೂ ಒದ್ದರೂ ಸ್ಟಾರ್ಟ್ ಆಗದೆ ಇರುವುದಾ? ನೀವು ಅದಕ್ಕೆ ಬೈಯುವುದಾ? ಅದನ್ನು ಯೋಚಿಸಿ ಹೇಳಿ. ಅಗೋ, ಮಷೀನು ನೋಡಿ, ಒಳಗೆ ಸಂಜೆಯಾಯಿತು, ಹಾಡು ಶುರುವಾಯಿತು. ಅದರ ಪಾಡಿಗೆ ಅದು ಹಾಡಲಿ, ನನ್ನ ಮಾತು ಮುಗಿಸಿಬಿಡುತ್ತೇನೆ. ಇಷ್ಟು ವರ್ಷ ಈ ಕಸುಬು ಮಾಡಿ ನಾನು ಕಂಡುಕೊಂಡ ಗುಟ್ಟು ಒಂದಿದೆ, ಇದನ್ನು ಬೇರೆ ಯಾರಿಗೂ ಹೇಳಿಲ್ಲ. ಒಂದು ವಸ್ತು ಒಂದು ಲೋಕಕ್ಕೆ ನಿಜವಾಗಿ ಹೊಂದಿತು ಅಂತ ತಿಳಿಯುವುದು ಹೇಗೆ ಅಂದರೆ...

"ಏಯ್, ಹಾಲು ಉಕ್ತಾ ಐತೆ, ಯಾರಾದ್ರೂ ನೋಡ್ರೇ!"

ಅರೆ, ಸ್ವಾಮಿ, ನೀವೂ ಎದ್ದಿರಾ, ಎಲ್ಲಿಗೆ ಹೊರಟಿರಿ? ಕೂತುಕೊಳ್ಳಿ, ಅದು ಒಳಗಿನ ಹಾಲು, ಇಲ್ಲಿ ಒಲೆ ಇಲ್ಲ. ಆ ಕಡೆ ಅಲ್ಲ, ಆ ಸೀರೆಯ ಹಿಂದೆ ಅಡುಗೆಮನೆ ಇಲ್ಲ ಸ್ವಾಮಿ, ಅಲ್ಲಿ ಬರೀ...